ಮೋಡೆಮ್ ಕಾಲದ ನಮ್ಮ ಪತ್ರಗಳು ಎಲ್ಲಿ ಹೋದವು?

(ವಿಡಿಯೊದಲ್ಲಿ ಆಡಿದ ಮಾತಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಇದೆ.)



ಇವತ್ತಿನ ವಿಷಯ ಡಯಲ್-ಅಪ್ ಇಂಟರ್ನೆಟ್. ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ನಂಬರ್ ಡಯಲ್ ಮಾಡಿ ಇಂಟರ್ನೆಟ್ಟಿಗೆ ಹೋಗ್ತಿದ್ದ ಕಾಲ. ಈ ಮಾತು ಎತ್ತಿದರೆ ಎಲ್ಲರೂ ಎರಡೇ ನೆನಪು ಹೇಳ್ತಾರೆ. ಒಂದು, ಆ ಕಿರ್ರ್ ಅನ್ನೋ ಸದ್ದು. ಇನ್ನೊಂದು, ಅಬ್ಬಾ ಎಷ್ಟು ನಿಧಾನ ಇತ್ತು ಅನ್ನೋದು. ಎರಡರ ಬಗ್ಗೆಯೂ ಮಾತಾಡೋಣ. ಆದರೆ ನಾನು ಮುಖ್ಯವಾಗಿ ಕೇಳಬೇಕು ಅಂತಿರೋ ಪ್ರಶ್ನೆ ಬೇರೆ. ಊರು ಬಿಟ್ಟು ಪುಣೆಗೆ, ಮುಂಬೈಗೆ, ಅಮೆರಿಕಕ್ಕೆ ಹೋದ ನಾವು ಆ ಏಳೆಂಟು ವರ್ಷ ಮನೆಗೆ ಬರೆದ ಪತ್ರಗಳು, ಮನೆಯಿಂದ ಬಂದ ಪತ್ರಗಳು ಈಗ ಎಲ್ಲಿವೆ? ಬಹಳಷ್ಟು ಹೋಗಿಬಿಟ್ಟಿವೆ. ಆದರೆ ಕೆಲವು ಇನ್ನೂ ಸಿಗ್ತವೆ, ಈಗಲೇ ಕೈ ಹಾಕಿದರೆ. ಅದಕ್ಕೇ ಈ ಮಾತು.

ಬಾಗಿಲು ತೆರೆದದ್ದು

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ದೇಶಕ್ಕೆ ನೆಟ್‌ವರ್ಕ್ ಬಂದದ್ದು 1995ರಲ್ಲಲ್ಲ. 1986ರಲ್ಲೇ ಅರ್ನೆಟ್ ಅನ್ನೋ ಯೋಜನೆ ಶುರುವಾಗಿತ್ತು. ಐದು ಐಐಟಿಗಳು, ಮುಂಬೈಯ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಜೊತೆಗೆ ನಮ್ಮ ಬೆಂಗಳೂರಿನ ಐಐಎಸ್‌ಸಿ, ಹೀಗೆ ಎಂಟು ಸಂಸ್ಥೆಗಳು ಅದರಲ್ಲಿದ್ದವು. ಆದರೆ ಅದು ಪ್ರೊಫೆಸರುಗಳ, ಸಂಶೋಧಕರ ಜಾಲ. ನಮ್ಮ ನಿಮ್ಮಂಥವರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ಕ್ಕೆ, ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್ ಸೇವೆ ಶುರು ಮಾಡಿದಾಗ. ಮೊದಲು ಮುಂಬೈ, ದೆಹಲಿ, ಕಲ್ಕತ್ತ, ಮದ್ರಾಸ್. ಬೆಂಗಳೂರು, ಪುಣೆ ಎಲ್ಲ ಆಮೇಲೆ.

ದರ ಹೇಗಿತ್ತು ಗೊತ್ತಾ? ವಿದ್ಯಾರ್ಥಿಗಳಿಗೆ 500 ರೂಪಾಯಿಯ ಶೆಲ್ ಅಕೌಂಟ್ ಅಂತ ಒಂದಿತ್ತು. ಅದರಲ್ಲಿ ಬರೀ ಅಕ್ಷರ, ಕಪ್ಪು ಪರದೆ, ಚಿತ್ರ ಗಿತ್ರ ಏನೂ ಇಲ್ಲ. ಚಿತ್ರ ಸಮೇತ ವೆಬ್ ಪುಟ ನೋಡಬೇಕು ಅಂದರೆ ಟಿಸಿಪಿ/ಐಪಿ ಅಕೌಂಟ್ ಬೇಕು. ಅದಕ್ಕೆ 15,000 ರೂಪಾಯಿ. ನನ್ನಂಥ ಹೊಸಬನಿಗೆ ಅದು ಎರಡು ತಿಂಗಳ ಸಂಬಳ. 1998ರ ನವೆಂಬರ್‌ನಲ್ಲಿ ಸರ್ಕಾರ ಖಾಸಗಿಯವರಿಗೂ ಅವಕಾಶ ಕೊಟ್ಟ ಮೇಲೆ ದರ ಇಳೀತು. ಸತ್ಯಂ ಆನ್‌ಲೈನ್ ಬಂತು, ಮಂತ್ರಾ ಬಂತು. ಅಂಗಡಿಯಲ್ಲಿ ಗಂಟೆ ಲೆಕ್ಕದ ಪ್ಯಾಕ್ ಸಿಗೋಕೆ ಶುರುವಾಯ್ತು.

ಅಕೌಂಟಿಗಿಂತ ಕಷ್ಟದ್ದು ಫೋನ್ ಲೈನ್. ಇನ್ಫೋಸಿಸ್ ಹುಟ್ಟಿದ್ದು ಪುಣೆಯಲ್ಲೇ, 1981ರಲ್ಲಿ. 1983ರಲ್ಲಿ ಬೆಂಗಳೂರಿಗೆ ಹೋಯ್ತು. ಆ ಶುರುವಿನ ದಿನಗಳಲ್ಲಿ ಒಂದು ಟೆಲಿಫೋನ್ ಲೈನ್ ಸಿಗೋಕೆ ವರ್ಷ ಹಿಡೀತು ಅಂತ ನಾರಾಯಣಮೂರ್ತಿಯವರು ಎಷ್ಟೋ ಕಡೆ ಹೇಳಿದ್ದಾರೆ. ನಾವು ಪುಣೆಗೆ ಬರೋ ಹೊತ್ತಿಗೆ, 1997ರಲ್ಲಿ, ಪರಿಸ್ಥಿತಿ ಅಷ್ಟು ಕೆಟ್ಟದಿರಲಿಲ್ಲ. ಆದರೂ ಬಾಡಿಗೆ ಮನೆಯಲ್ಲಿರೋ ಹುಡುಗರ ಹೆಸರಿಗೆ ಫೋನ್ ಯಾರು ಕೊಡ್ತಾರೆ? ನಮ್ಮ ಅದೃಷ್ಟ, ಕೋಥರೂಡದಲ್ಲಿ ನಮಗೆ ಸಿಕ್ಕ ಫ್ಲಾಟಿನಲ್ಲಿ ಮಾಲೀಕರ ಹೆಸರಿನ ಫೋನ್ ಇತ್ತು. ಮಾಲೀಕರ ಹೆಂಡತಿಯನ್ನ ನಾವೆಲ್ಲ ಕಾಕೂ ಅಂತಿದ್ವಿ. ಬಿಲ್ ನಾವೇ ಕಟ್ಟಬೇಕು, ಎಸ್‌ಟಿಡಿ ಲಾಕ್ ತೆಗೆಯೋ ಹಾಗಿಲ್ಲ. ಕಾಕೂ ಹಾಕಿದ ಷರತ್ತು ಇವೆರಡೇ. ನಾವು ಮೂರು ಜನ: ವಿಜಾಪುರದವನೊಬ್ಬ, ಉಡುಪಿಯವನೊಬ್ಬ, ಧಾರವಾಡದ ನಾನು. ಮೂವರೂ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ್ವಿ, ಆಮೇಲೆ 33.6 ಕೆಬಿಪಿಎಸ್‌ನ ಒಂದು ಮೋಡೆಮ್ ತಂದ್ವಿ.

ಆ ಸದ್ದಿನಲ್ಲಿ ಏನಿತ್ತು

ಈಗ ಸದ್ದಿನ ವಿಷಯ. ಅದು ಸುಮ್ಮನೆ ಗಲಾಟೆ ಅಲ್ಲ, ಎರಡು ಯಂತ್ರಗಳ ಮಾತುಕತೆ. ಟೆಲಿಫೋನ್ ಲೈನ್ ಮಾಡಿದ್ದು ಮನುಷ್ಯರ ದನಿ ಸಾಗಿಸೋಕೆ. ಸುಮಾರು 300 ಹರ್ಟ್ಸ್‌ನಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಅದರಲ್ಲಿ ಹೋಗುತ್ತೆ. ಕಂಪ್ಯೂಟರಿನ ಸೊನ್ನೆ, ಒಂದುಗಳನ್ನ ಆ ಕಿರಿದಾದ ಓಣಿಯೊಳಗೆ ಸದ್ದಾಗಿ ತೂರಿಸಬೇಕು. ಮೋಡೆಮ್ ಮಾಡ್ತಿದ್ದ ಕೆಲಸ ಅಷ್ಟೇ.

ಮೊದಲು ಡಯಲ್ ಟೋನ್ ಕೇಳುತ್ತೆ. ಆಮೇಲೆ ನಂಬರ್ ಒತ್ತುತ್ತೆ. ಹಳೇ ಎಕ್ಸ್‌ಚೇಂಜ್ ಆದರೆ ಟಕ್ ಟಕ್ ಅಂತ ಪಲ್ಸ್, ಹೊಸದಾದರೆ ಟೋನ್. ಆ ಕಡೆ ಮೋಡೆಮ್ ಫೋನ್ ಎತ್ತಿದ ತಕ್ಷಣ ಕೂಽ ಅಂತ ಒಂದೇ ಸ್ವರ. ಅದು 2,100 ಹರ್ಟ್ಸ್‌ನ ಸ್ವರ. ಮನುಷ್ಯರು ಮಾತಾಡುವಾಗ ಪ್ರತಿಧ್ವನಿ ಬರದಿರಲಿ ಅಂತ ದೂರದ ಲೈನುಗಳಲ್ಲಿ ಒಂದು ಸಲಕರಣೆ ಇಟ್ಟಿರ್ತಾರೆ. "ಮಾತಾಡ್ತಿರೋದು ಮನುಷ್ಯರಲ್ಲ, ನೀನು ಸ್ವಲ್ಪ ಪಕ್ಕಕ್ಕೆ ಸರಿ" ಅಂತ ಅದಕ್ಕೆ ಹೇಳೋದೇ ಆ ಸ್ವರದ ಕೆಲಸ. ಆಮೇಲೆ ಎರಡೂ ಮೋಡೆಮ್ ಪರಿಚಯ ಮಾಡ್ಕೊಳ್ತವೆ: ನಿನಗೆ ಯಾವ ಯಾವ ವೇಗ ಬರುತ್ತೆ, ನನಗೆ ಇಷ್ಟು ಬರುತ್ತೆ. ಆಮೇಲೆ ಟೊಂಯ್ ಟೊಂಯ್ ಅನ್ನೋ ವಿಚಿತ್ರ ಸದ್ದು. ಅದು ಲೈನ್ ಪರೀಕ್ಷೆ. ಬೇರೆ ಬೇರೆ ಸ್ವರ ಕಳಿಸಿ, ಯಾವುದು ಸರಿಯಾಗಿ ಮುಟ್ಟಿತು, ಯಾವುದು ಸೊರಗಿತು ಅಂತ ಅಳೆಯೋದು. ಕೊನೆಗೆ ಶ್ಶ್ ಅಂತ ಮಳೆ ಸುರಿದ ಹಾಗೆ. ಅಲ್ಲಿಗೆ ಒಪ್ಪಂದ ಮುಗೀತು, ಸ್ಪೀಕರ್ ತಾನೇ ಬಂದ್ ಆಯ್ತು.

ಸ್ಪೀಕರ್ ಯಾಕೆ ಇಟ್ಟಿದ್ದರು ಅಂದರೆ, ಲೈನ್ ಎಂಗೇಜ್ ಇದೆಯಾ, ರಾಂಗ್ ನಂಬರ್ ಹೋಯ್ತಾ ಅಂತ ನಮಗೆ ಗೊತ್ತಾಗಲಿ ಅಂತ. ಒಂದು ರಾತ್ರಿ ಹನ್ನೆರಡು ಗಂಟೆಗೆ ನಮ್ಮ ಮೋಡೆಮ್ಮಿನಿಂದ ಒಬ್ಬ ಅಜ್ಜಿಯ ದನಿ ಬಂತು: "ಹ್ಯಾಲೋ, ಕೋಣ್?" ಅಂತ. ಪಾಪ, ಅವರ ಕಿವಿಗೆ ಏನು ಕೇಳಿಸಿರಬೇಕು!

ಆ ಸದ್ದು ಕೇಳಿಯೇ ವೇಗ ಹೇಳೋರಿದ್ದರು. ಪುಣೆಯ ಮಳೆಗಾಲದಲ್ಲಿ ರಸ್ತೆ ಬದಿಯ ಜಾಯಿಂಟಿಗೆ ನೀರು ಹೋಗಿ ಲೈನಲ್ಲಿ ಕರಕರ ಶುರುವಾಗ್ತಿತ್ತು. ಲೈನಲ್ಲಿ ಗದ್ದಲ ಜಾಸ್ತಿ ಆದಷ್ಟೂ ಮೋಡೆಮ್ಮುಗಳು ಕಡಿಮೆ ವೇಗಕ್ಕೆ ಒಪ್ಪಿಕೊಳ್ತವೆ. ಬೇಸಿಗೆಯಲ್ಲಿ 33.6 ಸಿಕ್ಕರೆ ಜುಲೈನಲ್ಲಿ 14.4, ಕೆಲವು ಸಲ 9.6. ಮುಂದೆ 56ಕೆ ಮೋಡೆಮ್ ಬಂದಾಗಲೂ ನಮಗೆ ಸೆಕೆಂಡಿಗೆ ನಾಲ್ಕು ಕಿಲೋಬೈಟ್ ಸಿಕ್ಕರೆ ಹಬ್ಬ. ಐದು ಎಂಬಿಯ ಒಂದು ಹಾಡು ಇಳಿಸೋಕೆ ಇಪ್ಪತ್ತು ನಿಮಿಷದ ಮೇಲೆ. ಹತ್ತೊಂಬತ್ತನೇ ನಿಮಿಷಕ್ಕೆ ಕಾಕೂ ಮನೆಯವರಿಗೆ ಅಂತ ಯಾರದೋ ಫೋನ್ ಬಂದರೆ ಲೈನ್ ಕಟ್.

ಮೀಟರ್ ಓಡೋವಾಗ ಬರೆಯೋದು

ಈಗಿನವರಿಗೆ ಹೇಳಿದರೆ ನಂಬೋಕೆ ಕಷ್ಟ ಆಗೋದು ನಿಧಾನ ಅಲ್ಲ, ಮೀಟರ್. ಪ್ರತಿ ಮೂರು ನಿಮಿಷಕ್ಕೆ ಒಂದು ಲೋಕಲ್ ಕಾಲ್ ಅಂತ ಲೆಕ್ಕ. ಗಂಟೆಗೆ ಇಪ್ಪತ್ತು ಕಾಲ್. ಅದು ಫೋನಿನ ಖರ್ಚು. ಇಂಟರ್ನೆಟ್ ಪ್ಯಾಕಿನ ಗಂಟೆ ಬೇರೆ ಕರಗ್ತಾ ಇರುತ್ತೆ. ಎರಡು ತಿಂಗಳಿಗೊಮ್ಮೆ ಬಿಲ್ ಬಂದಾಗ ನಮ್ಮ ಮೂವರ ಮುಖ ನೋಡಬೇಕಿತ್ತು. ಯಾರು ಎಷ್ಟು ಹೊತ್ತು ಕೂತಿದ್ದರು ಅಂತ ಮೋಡೆಮ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ವಿ, ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ಹಾಗೆ.

ಹಾಗಾಗಿ ಆನ್‌ಲೈನ್ ಇದ್ದು ಪತ್ರ ಬರೆಯೋದು ಅನ್ನೋದೇ ಇರಲಿಲ್ಲ. ಮೊದಲು ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ನಿಧಾನವಾಗಿ ಎಲ್ಲ ಬರೆದು ಇಟ್ಕೊಳ್ಳೋದು. ಮೂವರದ್ದೂ ತಯಾರಾದ ಮೇಲೆ ಕನೆಕ್ಟ್ ಮಾಡೋದು, ಸೆಂಡ್ ಅಂಡ್ ರಿಸೀವ್ ಒತ್ತೋದು, ಬಂದದ್ದನ್ನೆಲ್ಲ ಇಳಿಸ್ಕೊಂಡು ಕಟ್ ಮಾಡೋದು. ಮೂರು ನಿಮಿಷದೊಳಗೆ ಮುಗಿದರೆ ಒಂದೇ ಕಾಲ್. ಆಮೇಲೆ ಆರಾಮಾಗಿ ಕೂತು ಓದೋದು. ಇದರಿಂದ ಒಂದು ಒಳ್ಳೇದೂ ಆಯ್ತು. ಪತ್ರಗಳು ಪತ್ರಗಳ ಹಾಗೇ ಇದ್ದವು. ಒಂದು ಪುಟ, ಒಂದೂವರೆ ಪುಟ. ಮೆಸ್‌ನ ಊಟ ಹೇಗಿದೆ, ಆಫೀಸಿನಲ್ಲಿ ವೈಟುಕೆ ಕೆಲಸ ಎಲ್ಲಿಗೆ ಬಂತು, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪಕ್ಕದವರು ಏನಂದರು, ಪುಣೆ ಕನ್ನಡ ಸಂಘದಲ್ಲಿ ಯಾವ ನಾಟಕ ಆಯ್ತು, ಎಲ್ಲ ಬರೀತಿದ್ವಿ. ಈಗಿನ ವಾಟ್ಸಾಪ್ ಮೆಸೇಜಿನ ಹಾಗೆ "ಊಟ ಆಯ್ತಾ", "ಹ್ಞೂಂ" ಅಲ್ಲ.

ಲೈನ್ ಬಜಾರಿನ ಹುಡುಗ

ಇಲ್ಲಿ ನೀವು ಕೇಳಬಹುದು: ನೀವೇನೋ ಕಳಿಸಿದಿರಿ, ಊರಲ್ಲಿ ಓದೋರು ಯಾರು? ಧಾರವಾಡದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೆ 1999ರ ಹೊತ್ತಿಗೆ ಲೈನ್ ಬಜಾರಿನ ಹತ್ತಿರ ಒಂದು ಸೈಬರ್ ಕೆಫೆ ಬಂತು. ಮೊದಲು ಅದು ಎಸ್‌ಟಿಡಿ ಬೂತು, ಜೆರಾಕ್ಸ್ ಅಂಗಡಿ. ಆಮೇಲೆ ಎರಡು ಕಂಪ್ಯೂಟರ್ ಸೇರಿದವು. ಅಂಗಡಿ ಹುಡುಗ ಒಂದು ಉಪಾಯ ಮಾಡಿದ್ದ. ಅಂಗಡಿಯದೇ ಒಂದು ಇಮೇಲ್ ವಿಳಾಸ. ಬೆಂಗಳೂರು, ಪುಣೆ, ಅಮೆರಿಕದಲ್ಲಿ ಮಕ್ಕಳಿರೋ ಮನೆಯವರೆಲ್ಲ ಅದೇ ವಿಳಾಸ ಕೊಡೋದು. ಪತ್ರದ ವಿಷಯದ ಜಾಗದಲ್ಲಿ ಮನೆಯವರ ಹೆಸರು ಬರೆಯಬೇಕು. ಬಂದರೆ ಅವನು ಪ್ರಿಂಟ್ ತೆಗೆದು ಮಡಚಿ ಇಡ್ತಿದ್ದ. ಹಾಳೆಗೆ ಐದು ರೂಪಾಯಿ.

ನಮ್ಮಪ್ಪ ಶಾಲೆ ಮಾಸ್ತರರು. ಸಂಜೆ ವಾಕಿಂಗ್ ಮುಗಿಸಿ ಆ ಅಂಗಡಿ ಮುಂದೆ ಹಾಯ್ದರೆ ಅವನು ಒಳಗಿಂದಲೇ ಕೂಗ್ತಿದ್ದನಂತೆ: "ಮಾಸ್ತರ್ರ, ಪುಣೆದಿಂದ ಪತ್ರ ಬಂದೈತ್ರಿ!" ಅಪ್ಪ ಅಲ್ಲೇ ನಿಂತು ಒಮ್ಮೆ ಓದಿ, ಆಮೇಲೆ ಉತ್ತರ ಹೇಳೋರು. ಅವನು ಟೈಪ್ ಮಾಡ್ತಿದ್ದ. ಅಂಚೆಯಲ್ಲಿ ಹೋಗಿ ಬರೋಕೆ ಹತ್ತು ದಿನ ಆಗ್ತಿದ್ದ ಮಾತು ಒಂದೇ ದಿನದಲ್ಲಿ ಮುಗೀತಿತ್ತು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಕಾಲು ದರ ಅಂತ ಕಾಯ್ತಾ, ಮೀಟರಿನ ಕೆಂಪು ಅಂಕಿ ನೋಡ್ತಾ ಮಾತಾಡೋದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು.

ಒಂದೇ ತೊಂದರೆ. ಪತ್ರ ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನಾಗುತ್ತೆ ನೋಡಿ. ಬಿ, ಎ, ಎಲ್, ಇ ಅಂತ ನಾಲ್ಕು ಅಕ್ಷರ ಬರೀರಿ. ಅದು ಬಲೆ ಆಗಬಹುದು, ಬಳೆ ಆಗಬಹುದು, ಬಾಲೆ ಆಗಬಹುದು, ಬಾಳೆ ಆಗಬಹುದು. ನಮ್ಮ ವಿಜಾಪುರದ ಗೆಳೆಯ ತಂಗಿಗೆ ಅಂತ ತುಳಶಿಬಾಗಿನಲ್ಲಿ ಬಳೆ ತಗೊಂಡು, ದೀಪಾವಳಿಗೆ ಬರ್ತೀನಿ, ಬಳೆ ತರ್ತೀನಿ ಅಂತ ಬರೆದ. ಅವರಪ್ಪ ಅದನ್ನ ಬಾಳೆ ಅಂತ ಓದಿದ್ದಾರೆ. "ಬಾಳಿಹಣ್ಣು ಇಲ್ಲೇ ಬೇಕಾದಷ್ಟು ಸಿಗ್ತಾವ. ಪುಣೆದಿಂದ ಯಾಕ ಹೊತ್ಕೊಂಡು ಬರ್ತಿ?" ಅಂತ ಉತ್ತರ ಬಂತು. ನಕ್ಕು ನಕ್ಕು ಸಾಕಾಯ್ತು ನಮಗೆ.

ಗಣೇಶಖಿಂಡದ ವಿಚಿತ್ರ

ಆಗ ನಮಗೆ ಗೊತ್ತಿರದಿದ್ದ ಒಂದು ಸಂಗತಿ ಹೇಳ್ತೀನಿ. ಕಂಪ್ಯೂಟರಿನಲ್ಲಿ ಕನ್ನಡ ಬರೋಕೆ ಬೇಕಾದ ಕೆಲಸದಲ್ಲಿ ಬಹಳ ದೊಡ್ಡ ಪಾಲು ನಡೆದದ್ದು ಪುಣೆಯಲ್ಲೇ. ವಿಶ್ವವಿದ್ಯಾಲಯದ ಆವರಣ, ಗಣೇಶಖಿಂಡ. ನಮ್ಮ ಕೋಥರೂಡದಿಂದ ಬಸ್ಸಿನಲ್ಲಿ ಹೋಗಿ ಬರೋ ದೂರ. ಅಲ್ಲಿ 1988ರಲ್ಲಿ ಸಿ-ಡ್ಯಾಕ್ ಶುರುವಾಯ್ತು. ಪರಮ್ ಸೂಪರ್‌ಕಂಪ್ಯೂಟರ್ ಮಾಡಿದ ಸಂಸ್ಥೆ ಅಂತಲೇ ಎಲ್ಲರಿಗೂ ಗೊತ್ತು. ಆದರೆ ಅದೇ ಸಂಸ್ಥೆಗೆ ಐಐಟಿ ಕಾನ್ಪುರದಿಂದ ಜಿಸ್ಟ್ ಅನ್ನೋ ತಂತ್ರಜ್ಞಾನ ಬಂತು. ಅದರ ಮುಂದಾಳು ಮೋಹನ್ ತಾಂಬೆ. ಭಾರತದ ಭಾಷೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ತರೋ ಕೆಲಸ ಅದು.

ಇಸ್ಕಿ ಅಂತ ಒಂದು ಸಂಕೇತ ವ್ಯವಸ್ಥೆ ಇದೆ. 1991ರಲ್ಲಿ ಅದು ಭಾರತೀಯ ಮಾನಕ ಆಯ್ತು. ಅದರ ಯೋಚನೆ ಸರಳ, ಆದರೆ ದೊಡ್ಡದು. ನಮ್ಮ ಲಿಪಿಗಳು ನೋಡೋಕೆ ಬೇರೆ ಬೇರೆ. ಆದರೆ ವರ್ಣಮಾಲೆ ಒಂದೇ ಕ್ರಮದ್ದು: ಅ ಆ ಇ ಈ, ಕ ಖ ಗ ಘ. ಹಾಗಾದರೆ ಕನ್ನಡದ ಕ, ಮರಾಠಿಯ ಕ, ತಮಿಳಿನ ಕ ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟರಾಯ್ತಲ್ಲ, ಯಾವ ಲಿಪಿಯಲ್ಲಿ ತೋರಿಸಬೇಕು ಅನ್ನೋದು ಆಮೇಲಿನ ಮಾತು. ಯುನಿಕೋಡ್ ಮಾಡಿದವರು ಪ್ರತಿ ಲಿಪಿಗೂ ಬೇರೆ ಬೇರೆ ಸಾಲು ಕೊಟ್ಟರು, ಆದರೆ ಸಾಲಿನೊಳಗಿನ ಕ್ರಮ ಇಸ್ಕಿಯದ್ದೇ. ಇವತ್ತಿಗೂ ದೇವನಾಗರಿಯ ಸಾಲಿನಲ್ಲಿ ಕ ಎಷ್ಟನೇ ಮನೆಯಲ್ಲಿದೆಯೋ ಕನ್ನಡದ ಸಾಲಿನಲ್ಲೂ ಅಷ್ಟನೇ ಮನೆಯಲ್ಲೇ ಇದೆ. ನಿಮ್ಮ ವಿಂಡೋಸ್‌ನಲ್ಲಿರೋ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೂಡ ಆ ಮಾನಕದ ಜೊತೆಗೇ ಬಂದದ್ದು.

ಅಂದರೆ, ಕನ್ನಡದ ಕ ಎಲ್ಲಿ ಕೂರಬೇಕು ಅಂತ ತೀರ್ಮಾನ ಆಗಿ ವರ್ಷಗಳಾಗಿದ್ದವು. ಕೋಥರೂಡದಲ್ಲಿ ಕೂತ ನಾವು ಬಿ-ಎ-ಎಲ್-ಇ ಅಂತ ಬರೀತಿದ್ವಿ. ಯಾಕಂದರೆ ಜಿಸ್ಟ್ ಬೇಕಾದರೆ ಅದರದೇ ಕಾರ್ಡು, ಇಲ್ಲ ಅದರದೇ ಸಾಫ್ಟ್‌ವೇರ್ ಬೇಕು. ನಾವು ಬಳಸ್ತಿದ್ದ ಬ್ರೌಸರಿಗೆ, ಮೇಲ್ ತಂತ್ರಾಂಶಕ್ಕೆ ಇಸ್ಕಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ಫಾಂಟಿನ ವೇಷ

ಹಾಗಂತ ಜನ ಸುಮ್ಮನೆ ಕೂರಲಿಲ್ಲ. 1996ರಲ್ಲೇ ಡಾ. ಯು. ಬಿ. ಪವನಜ ಅವರು 'ವಿಶ್ವ ಕನ್ನಡ' ಅನ್ನೋ ಅಂತರಜಾಲ ಪತ್ರಿಕೆ ಶುರು ಮಾಡಿದರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು, ಅದೂ ಉಚಿತವಾಗಿ. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆ ಪ್ರಕಾರ ಒತ್ತಿದರೆ ಕನ್ನಡ ಮೂಡುತ್ತೆ. ನಮ್ಮ ಫ್ಲಾಟಿನಲ್ಲಿ ಮೊದಲ ಸಲ ಪರದೆ ಮೇಲೆ ಕನ್ನಡ ಮೂಡಿದ್ದು ಅದರಿಂದಲೇ. ಅವತ್ತು ಮೂವರೂ ಸರದಿ ಪ್ರಕಾರ ನಮ್ಮ ನಮ್ಮ ಊರಿನ ಹೆಸರು ಬರೆದು ನೋಡಿದ್ವಿ.

ಆದರೆ ಆಗಿನ ಕನ್ನಡ ಒಂಥರಾ ವೇಷ ಹಾಕಿದ ಹಾಗೆ. ಕಂಪ್ಯೂಟರಿನ ಒಳಗೆ ಇದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಫಾಂಟ್ ಅನ್ನೋದು ಅವುಗಳಿಗೆ ಕನ್ನಡದ ಮುಖವಾಡ ಹಾಕ್ತಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಕಸ. ಆಗಿನ ಎಲ್ಲ ಕನ್ನಡ ತಾಣಗಳ ತಲೆ ಮೇಲೂ "ಮೊದಲು ಫಾಂಟ್ ಇಳಿಸಿಕೊಳ್ಳಿ" ಅಂತ ಇರ್ತಿತ್ತು, ನೆನಪಿದೆಯಾ? ಡಯಲ್-ಅಪ್‌ನಲ್ಲಿ ಅದಕ್ಕೇ ಅರ್ಧ ನಿಮಿಷ. ಎಫ್‌ಸಿ ರೋಡಿನ ಸೈಬರ್ ಕೆಫೆಯಲ್ಲಾದರೆ ಫಾಂಟ್ ಹಾಕೋಕೆ ಬಿಡ್ತಿರಲಿಲ್ಲ. ಲೈನ್ ಬಜಾರಿನ ಹುಡುಗನ ಹತ್ತಿರ ಫಾಂಟ್ ಇರಲಿಲ್ಲ. ಹೀಗಾಗಿ ಕೆಲವರು ಬರಹದಲ್ಲಿ ಬರೆದದ್ದನ್ನ ಚಿತ್ರ ಮಾಡಿ ಕಳಿಸೋರು. ಒಂದು ಪತ್ರ ಹೋಗೋಕೆ ಹತ್ತು ನಿಮಿಷ. ಬಹಳಷ್ಟು ಜನ ಸುಸ್ತಾಗಿ ಮತ್ತೆ ಇಂಗ್ಲಿಷ್ ಅಕ್ಷರಕ್ಕೇ ಬಂದರು.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, ತುಂಗಾ ಅನ್ನೋ ಫಾಂಟಿನ ಜೊತೆ, ಯುನಿಕೋಡ್ ಕನ್ನಡದ ಜೊತೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಅಲ್ಲಿಂದ ಮುಂದೆ ಯುನಿಕೋಡಿನಲ್ಲಿ ಬರೆದ ಕನ್ನಡ ಎಲ್ಲ ಕಡೆ ಕನ್ನಡವಾಗೇ ಕಾಣುತ್ತೆ. ಅದಕ್ಕಿಂತ ಹಿಂದಿನದ್ದರ ಗತಿ ಏನು ಅನ್ನೋದೇ ಪ್ರಶ್ನೆ.

ಒಂದು ಕಟ್ಟು ಹಾಳೆ

ನಮ್ಮ ಮನೆಯ ಲೆಕ್ಕ ಹೇಳ್ತೀನಿ. 1997ರವರೆಗೆ ಅಪ್ಪ ನನಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ನನ್ನ ಹತ್ತಿರ ಇವೆ. ನೀಲಿ ಹಾಳೆ, ಮಡಿಕೆಯಲ್ಲೂ ಬರೆದ ಸಣ್ಣ ಅಕ್ಷರ, ಕೊನೆಗೆ ಅವ್ವನ ಎರಡು ಸಾಲು. 2005ರಿಂದ ಎಲ್ಲ ಮೊಬೈಲಿನಲ್ಲಿ ಮಾತು. ನಡುವಿನ ವರ್ಷಗಳಲ್ಲಿ ಅಪ್ಪ ಲೈನ್ ಬಜಾರಿನಲ್ಲಿ ನಿಂತು ಹೇಳಿ ಬರೆಸಿದ ಪತ್ರಗಳು ಒಂದು ಉಚಿತ ಮೇಲ್ ಸೇವೆಯ ಡಬ್ಬಿಯಲ್ಲಿದ್ದವು. ಆಗಿನ ಡಬ್ಬಿಗಳ ಗಾತ್ರ ನಿಮಗೆ ನೆನಪಿರಬಹುದು. ಹಾಟ್‌ಮೇಲ್ ಕೊಡ್ತಿದ್ದದ್ದು ಎರಡು ಎಂಬಿ. ಅಂದಹಾಗೆ ಹಾಟ್‌ಮೇಲ್ ಕಟ್ಟಿದ ಸಬೀರ್ ಭಾಟಿಯಾ ಓದಿದ್ದು ಪುಣೆಯ ಬಿಷಪ್ಸ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ. 2004ರಲ್ಲಿ ಜಿಮೇಲ್ ಒಂದು ಜಿಬಿ ಕೊಟ್ಟಾಗಲೇ ಹಳೇ ಪತ್ರ ಇಟ್ಕೊಳ್ಳಬಹುದು ಅನ್ನೋ ಯೋಚನೆ ಜನರಿಗೆ ಬಂದದ್ದು. ನನ್ನ ಡಬ್ಬಿ ಇದ್ದ ಸೇವೆ ಕೆಲವು ವರ್ಷಗಳಲ್ಲಿ ನಿಂತೇ ಹೋಯ್ತು. ಅಪ್ಪನ ಪತ್ರಗಳೂ ಅದರ ಜೊತೆ ಹೋದವು.

ಅಪ್ಪ 2011ರಲ್ಲಿ ತೀರಿಕೊಂಡರು. ಕೆಲವು ವರ್ಷ ಆದ ಮೇಲೆ ಧಾರವಾಡದ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಒಂದು ಕಟ್ಟು ಸಿಕ್ಕಿತು. ಉತ್ತರಪತ್ರಿಕೆ ಕಟ್ಟೋ ಹಾಗೆ ತೂತು ಮಾಡಿ ದಾರ ಹಾಕಿ ಕಟ್ಟಿದ್ದರು. ನಾನು ಪುಣೆಯಿಂದ ಕಳಿಸಿದ ಇಮೇಲುಗಳ ಪ್ರಿಂಟು, ಅರವತ್ತಕ್ಕೂ ಹೆಚ್ಚು ಹಾಳೆ. ಪ್ರತಿ ಸಾಲಿನ ಮೇಲೆ, ನಾನು ಬರೆದ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ, ಅದೇ ಮಾತನ್ನ ಕೆಂಪು ಶಾಯಿಯಲ್ಲಿ ಕನ್ನಡದಲ್ಲಿ ಬರೆದಿದ್ದರು. ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಅವ್ವನೇ ಹೇಳಿದಳು: "ನನಗ ಇಂಗ್ಲಿಷ್ ಅಕ್ಷರ ಎಲ್ಲಿ ಬರ್ತಾವ? ನಾ ಓದ್ಲಿ ಅಂತ ಬರದು ಕೊಡ್ತಿದ್ರು."

ನನ್ನ ಕನ್ನಡ ಅವರ ಕೈಬರಹದಲ್ಲಿ ಉಳೀತು. ಅವರ ಮಾತು ಎಲ್ಲೂ ಉಳಿಯಲಿಲ್ಲ.

ಇದು ನನ್ನೊಬ್ಬನ ಮನೆ ಕಥೆ ಅಂತ ನಾನು ಹೇಳ್ತಿಲ್ಲ. ಗುಂಪಾಗಿ ಊರು ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಅಂತ ಬಂದ ಮೊದಲ ತಲೆಮಾರಿನ ಕನ್ನಡಿಗರ ಕಥೆ. ವೈಟುಕೆ ಸಮಯದಲ್ಲಿ ನಮಗೆ ಏನನ್ನಿಸಿತು, 2001ರ ಮಂದಗತಿಯಲ್ಲಿ ಕೆಲಸ ಹೋದವರು ಮನೆಗೆ ಏನಂತ ಬರೆದರು, ಹಿಂಜವಡಿ ಬರೀ ಹೊಲ ಇದ್ದಾಗ ಹೇಗಿತ್ತು. ಮುಂದೆ ಯಾರಾದರೂ ಇದರ ಇತಿಹಾಸ ಬರೆಯೋಕೆ ಕೂತರೆ ಅವರಿಗೆ ಏನು ಸಿಗುತ್ತೆ? ಕಂಪನಿಗಳ ವರದಿ ಸಿಗುತ್ತೆ. ನಮ್ಮ ಮಾತು ಸಿಗಲ್ಲ. ಜಿಯೋಸಿಟೀಸ್‌ನಲ್ಲಿ ಎಷ್ಟೋ ಜನ ಪುಟ ಮಾಡಿದ್ದರು, 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನ ಮುಚ್ಚಿತು. ಇಂಟರ್ನೆಟ್ ಆರ್ಕೈವ್‌ನಂಥವರು ಒಂದಷ್ಟು ಉಳಿಸಿದರು. ನಮ್ಮ ಮನೆ ಪತ್ರ ಉಳಿಸೋರು ನಾವೇ ಆಗಬೇಕು.

ಈಗ ಏನು ಮಾಡಬಹುದು

ಮೂರು ಕೆಲಸ ಹೇಳ್ತೀನಿ. ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಮೊದಲನೇದು, ಊರಿಗೆ ಹೋದಾಗ ಟ್ರಂಕು, ಕಪಾಟು ನೋಡಿ. ಸೈಬರ್ ಕೆಫೆ ಪ್ರಿಂಟು ಸಿಕ್ಕರೆ ತಕ್ಷಣ ಫೋನಲ್ಲಿ ಫೋಟೊ ತೆಗೀರಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟು ಸ್ವಲ್ಪ ಗಟ್ಟಿ. ಇಂಕ್‌ಜೆಟ್ ಆಗ್ಲೇ ಮಸುಕಾಗಿರುತ್ತೆ, ನೀರು ತಾಕಿದರೆ ಮುಗೀತು.

ಎರಡನೇದು, ಹಳೇ ಹಾರ್ಡ್ ಡಿಸ್ಕ್, ಸಿ.ಡಿ., ಫ್ಲಾಪಿ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಮ್ಮೆ ನೋಡಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಕೊಳ್ಳೋಕೆ ಸಿಗುತ್ತೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸ್ತಿದ್ದವರು ಡಿಬಿಎಕ್ಸ್ ಅಂತ ಕೊನೆಯಾಗೋ ಫೈಲ್ ಹುಡುಕಿ. ಇನ್‌ಬಾಕ್ಸಿಗೆ ಒಂದು, ಕಳಿಸಿದ ಪತ್ರಗಳಿಗೆ ಒಂದು ಇರುತ್ತೆ. ಅದನ್ನ ತೆರೆಯೋ ಉಚಿತ ತಂತ್ರಾಂಶಗಳಿವೆ. ಏನೂ ಸಿಗದಿದ್ದರೆ ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೂ ನಡುನಡುವೆ ಪತ್ರದ ಸಾಲು ಕಾಣುತ್ತೆ. ಫ್ಲಾಪಿಯ ಕಾಂತಶಕ್ತಿ ವರ್ಷ ವರ್ಷ ಇಳೀತಾ ಹೋಗುತ್ತೆ, ಅದಕ್ಕೇ ಅವಸರ.

ಮೂರನೇದು ಮುಖ್ಯ. ತೆರೆದಾಗ ಕಸದ ಹಾಗೆ ಕಂಡರೆ ಎಸೆಯಬೇಡಿ. ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಬರೆದದ್ದು ಫಾಂಟ್ ಇಲ್ಲದೆ ಹೇಗೆ ಕಾಣುತ್ತೆ ಗೊತ್ತಾ? ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಓರೆ ಗೀಟು ಇರೋ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ. ಇದು ಕಸ ಅಲ್ಲ. ಪಿ ಅನ್ನೋದು ಕ-ದ ಒಡಲು, ಪೌಂಡ್ ಅನ್ನೋದು ನ-ದ ಒಡಲು, ಗೀಟು ಹೊತ್ತ ಎ ಅಂದರೆ ತಲೆಕಟ್ಟು. ಒಂದೊಂದಕ್ಕೂ ಲೆಕ್ಕ ಇದೆ. ಆದ್ದರಿಂದ ವಾಪಸ್ ಕನ್ನಡ ಮಾಡೋಕೆ ಬರುತ್ತೆ. ಬರಹದ ಜೊತೆಗೇ ಪರಿವರ್ತಕ ಬರ್ತಿತ್ತು, ಉಚಿತವಾಗಿ ಮಾಡಿಕೊಡೋ ಬೇರೆ ಸಲಕರಣೆಗಳೂ ಇವೆ. ಒಂದು ಸಾಲು ಹಾಕಿ ನೋಡಿ. ನಿಮ್ಮ ಇಪ್ಪತ್ತೈದು ವರ್ಷದ ಹಿಂದಿನ ಮಾತು ಯುನಿಕೋಡಿನಲ್ಲಿ ಎದ್ದು ಕೂರುತ್ತೆ. ಇಸ್ಕಿ ಕೂರಿಸಿದ ಅದೇ ಮನೆಯಲ್ಲಿ, ಕ ಜಾಗದಲ್ಲಿ ಕ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೆ ಮಾತ್ರ ಪರಿವರ್ತಕ ನಂಬೋಕಾಗಲ್ಲ. ಬಳೆನೋ ಬಾಳೆನೋ ಅಂತ ಯಂತ್ರಕ್ಕೆ ಗೊತ್ತಾಗಲ್ಲ, ಬರೆದವರಿಗೆ ಅಥವಾ ಓದಿದವರಿಗೆ ಮಾತ್ರ ಗೊತ್ತು. ಅವರು ಇದ್ದಾಗಲೇ ಜೊತೆಗೆ ಕೂತು ಓದಿಸಿಕೊಳ್ಳಿ. ಈ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅದಕ್ಕೆ ಇಡಿ.